ಮೀನು ತಿರುಗಿಸುತ್ತಿದ್ದವರು

ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ. ಅವರ ಹೆಂಡತಿ ಬೇಡ ಎಂದಿದ್ದಾರೆ. ಬರೆದರೂ ಉಪಯೋಗವಿರಲಿಲ್ಲ, ಚಾಮರಾಜಪೇಟೆಯ ಅವರ ಬೀದಿಯಲ್ಲೇ ಆ ಹೆಸರು ಅರ್ಧ ಜನಕ್ಕೆ ಗೊತ್ತಿಲ್ಲ. ಮೀನಿನ ಸಾರ್ ಮನೆ ಎಲ್ಲಿ ಎಂದರೆ ಹಾಲಿನ ಬೂತಿನವನೂ ಕೈ ತೋರಿಸುತ್ತಿದ್ದ. ಹೋದ ಯುಗಾದಿಗೆ ಸ್ವಲ್ಪ ಮುಂಚೆ ತೀರಿಕೊಂಡರು. ಎದೆ ಹಿಡಿದುಕೊಂಡಿದೆ ಎಂದು ಕೂತವರು ಏಳಲಿಲ್ಲ. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ ಮೊದಲು ಬರುವುದು ಸಿಟ್ಟು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವರೇ ಹೇಳುತ್ತಿದ್ದರು, ಇರಲಿ.

ನಾವಿಬ್ಬರೂ ಒಂದೇ ಸೆಕ್ಷನ್ನಿನಲ್ಲಿ ಎದುರುಬದುರು ಮೇಜಿನಲ್ಲಿ ಬಹಳ ವರ್ಷ ಕೂತವರು. ಅವರು ಸೂಪರಿಂಟೆಂಡೆಂಟು, ನಾನು ಅವರ ಕೈಕೆಳಗಿನ ಗುಮಾಸ್ತೆ. ಸರ್ಕಾರಿ ನೌಕರರಿಗೆ ಕ್ವಾರ್ಟರ್ಸ್ ಹಂಚುವುದು ನಮ್ಮ ಕೆಲಸ. ಮನೆಗಳು ಬೆರಳೆಣಿಕೆಯಷ್ಟು, ಕೇಳುವವರು ಊರು ತುಂಬ. ದಿನವಿಡೀ ಜನ ಬಂದು ಮಕ್ಕಳು ದೊಡ್ಡವರಾದರು, ಅತ್ತೆ ಬಂದಿದ್ದಾರೆ, ಈಗಿರುವ ಮನೆಯಲ್ಲಿ ಕಾಲು ಚಾಚಲಾಗುವುದಿಲ್ಲ ಎಂದು ಗೋಳಾಡುತ್ತಿದ್ದರು. ನಾನಾದರೆ ಒಂದೇ ಮಾತಿಗೆ ಆಗುವುದಿಲ್ಲ ಎಂದು ಕಳಿಸುತ್ತಿದ್ದೆ. ಸಾರ್ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ. "ನೋಡೋಣ ಬನ್ನಿ" ಎನ್ನುತ್ತಿದ್ದರು. ಬಂದವರು ಆಸೆ ಇಟ್ಟುಕೊಂಡು ಮತ್ತೆ ಮತ್ತೆ ಬರುತ್ತಿದ್ದರು, ಮತ್ತೆ ಮತ್ತೆ ಇವರೂ ಕಾಫಿ ತರಿಸುತ್ತಿದ್ದರು.

"ಇಲ್ಲ ಅಂತ ಹೇಳೋದೂ ಒಂದು ಉಪಕಾರ ಸಾರ್" ಎಂದೆ ಒಮ್ಮೆ.

"ನಿನ್ ಬಾಯಿಗೆ ಅದು ಸರಿಹೋಗುತ್ತೆ ಕಣಮ್ಮ. ನಾನು ಹೇಳಿದ್ರೆ ನನಗೇ ಊಟ ಸೇರಲ್ಲ" ಎಂದರು.

ಮೊದಲ ಮೀನು ಸಿಕ್ಕಿದ್ದೂ ಈ ಕೆಲಸದಿಂದಲೇ. ವರ್ಗವಾದ ಅಧಿಕಾರಿಗಳು ಕ್ವಾರ್ಟರ್ಸ್ ಬಿಟ್ಟರೆ ನಮ್ಮವರು ಯಾರಾದರೂ ಹೋಗಿ, ಫ್ಯಾನು ನಲ್ಲಿ ಎಲ್ಲ ಇದೆಯೇ ನೋಡಿ ಬೀಗದ ಕೈ ತೆಗೆದುಕೊಳ್ಳಬೇಕು. ಕುಮಾರ ಪಾರ್ಕಿನ ಒಂದು ಮನೆಗೆ ಸಾರ್ ಹೋದಾಗ ಎಲ್ಲ ಸಾಮಾನೂ ಹೋಗಿತ್ತು, ಹಾಲಿನಲ್ಲಿ ಒಂದು ಗಾಜಿನ ಟ್ಯಾಂಕ್ ಮಾತ್ರ ಉಳಿದಿತ್ತು. ಕರೆಂಟು ಕಿತ್ತಿದ್ದರಿಂದ ಗಾಳಿಯ ಪಂಪು ನಿಂತಿತ್ತು. ಒಳಗೆ ಅಂಗೈಗಿಂತ ದೊಡ್ಡ ಆಸ್ಕರ್ ಮೀನೊಂದು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅಧಿಕಾರಿಗೆ ಫೋನು ಮಾಡಿದರೆ, "ಓ, ಅದಾ, ಪ್ಯಾಕಿಂಗ್‌ನವ್ರು ತಗೊಳ್ಲಿಲ್ಲ, ಏನಾದ್ರೂ ಮಾಡಿ" ಎಂದರಂತೆ. ಸಾರ್ ಅದನ್ನು ಅದೇ ಮನೆಯ ಬಚ್ಚಲಿನ ಬಕೆಟ್ಟಿನಲ್ಲಿ ಹಾಕಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ಒಯ್ದರು. ಮಾರನೆಯ ದಿನ ಆ ಬಕೆಟ್ಟನ್ನು ಮರಳಿಸಲು ಅರ್ಧ ದಿನ ರಜೆ ಹಾಕಿದರು. ಸರ್ಕಾರದ ಬಕೆಟ್ಟು ನೋಡಿ.

ಇವರ ಮನೆಯಲ್ಲಿ ಮೀನಿದೆ ಎಂದು ಹರಡಲು ಎಷ್ಟು ಹೊತ್ತು ಬೇಕು. ನಮ್ಮ ಊರಿನಲ್ಲಿ ದೊಡ್ಡ ಮೀನು ಸಾಕುವ ಹುಚ್ಚು ಒಂದಿದೆ. ಹೊಸ ಮನೆಗೆ ಹೋದವರಿಗೆ ವಾಸ್ತು ಹೇಳುವವರು ಅರೋವಾನ ಮೀನು ಇಡಿ, ದುಡ್ಡು ನಿಲ್ಲುತ್ತೆ ಎನ್ನುತ್ತಾರೆ. ಅದು ಸತ್ತರೆ ಮನೆಯವರಿಗೆ ಬರಬೇಕಿದ್ದ ಕಂಟಕ ತಾನು ಹೊತ್ತುಕೊಂಡು ಹೋಯಿತು ಎಂದು ಸಮಾಧಾನವೂ ಇದೆ. ಬೆರಳುದ್ದದ ಮರಿ ತರುತ್ತಾರೆ, ಮಕ್ಕಳು ಹೆಸರಿಡುತ್ತಾರೆ. ವರ್ಷ ಕಳೆಯುವುದರಲ್ಲಿ ಮೊಳದುದ್ದವಾಗಿ ಗಾಜಿಗೆ ಮೂತಿ ಉಜ್ಜಿ ಉಜ್ಜಿ ಹುಣ್ಣು ಮಾಡಿಕೊಳ್ಳುತ್ತದೆ, ನೀರು ನಾರುತ್ತದೆ. ಆಗ ಸಾರ್ ನೆನಪಾಗುತ್ತಾರೆ.

ಬಸವನಗುಡಿಯಿಂದ ಒಬ್ಬರು ಬಂದಿದ್ದರು, ರೇಷ್ಮೆ ಸೀರೆ, ಕಣ್ಣಲ್ಲಿ ನೀರು. ಡ್ರೈವರ್ ಪೇಂಟಿನ ಬಕೆಟ್ಟಿನಲ್ಲಿ ಎರಡು ದೊಡ್ಡ ಗೌರಾಮಿ ಮೀನು ತಂದಿಟ್ಟ. ಬಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಆಕೆ ಸಾರ್ ಹೆಂಡತಿಗೆ ಎಲೆ ಅಡಿಕೆ, ರವಿಕೆ ಕಣ ಕೊಟ್ಟು, "ಮಗು ಥರ ಸಾಕಿದೀವಿ, ಚೆನ್ನಾಗಿ ನೋಡ್ಕೊಳ್ಳಿ" ಎಂದರು. ಹೆಣ್ಣು ಒಪ್ಪಿಸಿಕೊಟ್ಟ ಹಾಗೇ. ನಾನು ಅಲ್ಲೇ ಇದ್ದೆ, ಸೋಬಾನೆ ಒಂದು ಬಾಕಿ ಎಂದುಕೊಂಡೆ. ಆಕೆ ಮುಂದಿನ ಭಾನುವಾರ ಒಂದು ಡಬ್ಬಿ ತಿಂಡಿ ಹಿಡಿದು ನೋಡಲು ಬಂದರಂತೆ. ಆಮೇಲೆ ಬರಲಿಲ್ಲ.

ಆ ಮನೆ ಹಳೆಯ ವಠಾರದ ಉದ್ದನೆಯ ಮನೆ, ರೈಲು ಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಕೋಣೆ. ಮುಂದಿನ ಹಾಲು ಪೂರ್ತಿ ಟ್ಯಾಂಕು, ನಡುಮನೆಯಲ್ಲಿ ಮತ್ತೆ ಟ್ಯಾಂಕು. ಟಿವಿ ಅಡುಗೆಮನೆಗೆ ಹೋಯಿತು. ಮಂಚ ಹೋಯಿತು. ಅಕ್ಕ, ಅಂದರೆ ಅವರ ಹೆಂಡತಿ, ಅಡುಗೆಮನೆಯ ಹೊಸ್ತಿಲ ಪಕ್ಕ ಚಾಪೆ ಹಾಸಿಕೊಳ್ಳುತ್ತಿದ್ದರು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಆಕೆ ಗಟ್ಟಿಯಾಗಿಯೇ ಹೇಳುತ್ತಿದ್ದರು, ಅವರಿಗೆ ಕೇಳಲಿ ಎಂದೇ. ಹೇಳುತ್ತಲೇ ಡ್ರಮ್ಮಿನಿಂದ ನೀರು ಮೊಗೆದು ಕೊಡುತ್ತಿದ್ದರು. ಬೇಸಿಗೆಯಲ್ಲಿ ಕಾವೇರಿ ನೀರು ಬರುವುದು ತಪ್ಪಿದಾಗ, ಕುಡಿಯಲು ನೀರಿಲ್ಲ ಇವರಿಗೆ ಮೀನಿನ ಚಿಂತೆ ಎಂದು ವಠಾರದವರು ಜಗಳಕ್ಕೆ ಬಂದರು. ಸಾರ್ ವಾದ ಮಾಡಲಿಲ್ಲ. ತಾವು ಸ್ನಾನ ಬಿಟ್ಟರು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಆಫೀಸಿಗೆ ಬರುತ್ತಿದ್ದರು. ನಾನು ಅವರ ಮೇಜಿನ ಕಡೆಯ ಕಿಟಕಿ ತೆರೆದಿಡುತ್ತಿದ್ದೆ.

ಹೊರಗಿನಿಂದ ನೋಡುವವರಿಗೆ ಇದು ದೊಡ್ಡ ಪುಣ್ಯದ ಕೆಲಸ. ಒಳಗೆ ಹೋಗಿ ನೋಡಿದರೆ ಕಾಣುತ್ತಿದ್ದುದು ಬೇರೆ. ಒಂದಿರಬೇಕಾದ ಕಡೆ ಮೂರು ಮೀನು. ರೆಕ್ಕೆ ಹರಿದವು, ಬೆನ್ನು ಗೂನಾದವು, ಒಂದನ್ನೊಂದು ಕಚ್ಚಿದವು. ಬೇರೆಯವರ ಮನೆಯಲ್ಲಿ ಒಂದೊಂದಾಗಿ ನರಳುತ್ತಿದ್ದವು ಇಲ್ಲಿ ಒಟ್ಟಿಗೆ ನರಳುತ್ತಿದ್ದವು, ಅಷ್ಟೇ. ಇದು ಅವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ನನಗಿಂತ ಚೆನ್ನಾಗಿ ಗೊತ್ತಿತ್ತು. "ಟ್ಯಾಂಕ್ ಎಷ್ಟಿದ್ಯೋ ಮೀನು ಅಷ್ಟೇ ಬೆಳೆಯುತ್ತೆ ಅಂತಾರಲ್ಲ, ಬೆಂಗಳೂರಲ್ಲಿ ಇದಕ್ಕಿಂತ ದೊಡ್ಡ ಸುಳ್ಳಿಲ್ಲ ಕಣಮ್ಮ" ಎನ್ನುತ್ತಿದ್ದರು. ಹೇಳುವಾಗ ಅಂಗಿಯ ಎಡತೋಳು ಮೇಲಕ್ಕೆ ಮಡಿಸುವ ಅಭ್ಯಾಸ. ಕೈ ಇಳಿಸಲು ಟ್ಯಾಂಕಿಲ್ಲದ ಆಫೀಸಿನಲ್ಲೂ ಮಡಿಸುತ್ತಿದ್ದರು.

ಅವರದು ಬೌದ್ಧ ಮನೆತನ. ಅವರಪ್ಪ ಬಟ್ಟೆ ಗಿರಣಿಯಲ್ಲಿ ಕೂಲಿಯಾಗಿದ್ದಾಗಲೇ ಬೌದ್ಧರಾದವರು. ದಿನಾ ಬೆಳಗ್ಗೆ ಬುದ್ಧನ ಪಟದ ಮುಂದೆ ಹೇಳಿಕೊಳ್ಳುವ ಐದು ಮಾತಿನಲ್ಲಿ ಮೊದಲನೆಯದು ಕೊಲ್ಲುವುದಿಲ್ಲ ಎಂಬುದು. ಸಾರ್ ಮಾಂಸ ಬಿಟ್ಟು ಬಹಳ ಕಾಲವಾಗಿತ್ತು. ಆದರೆ ಮೀನುಗಳು ಬಿಟ್ಟಿರಲಿಲ್ಲವಲ್ಲ. ಹಾಗಾಗಿ ಬೆಳಗ್ಗೆ ಆ ಮಾತು ಹೇಳಿ, ಚೀಲ ಹಿಡಿದು ಮಾರ್ಕೆಟ್ಟಿಗೆ ಹೋಗಿ, ಸೀಗಡಿ, ಕೋಳಿಯ ಈಲಿ ತರುತ್ತಿದ್ದರು. "ಒಂದು ಜೀವ ಉಳಿಸೋಕೆ ಎಷ್ಟು ಜೀವ ತೆಗೆಸ್ತಿದೀನಿ, ಲೆಕ್ಕ ಕೇಳ್ಬೇಡ" ಎಂದು ನಾನು ಕೇಳದೆಯೇ ಹೇಳಿದರು.

ಇನ್ನು ಕೆಂಪುಬಾಲನ ವಿಷಯ. ಅದೊಂದು ಪರದೇಶದ ಮೀನು, ಮೀಸೆ ಇರುವಂಥದು, ಬಾಲ ಮಾತ್ರ ದಾಸವಾಳದ ಕೆಂಪು. ಗಾಂಧಿನಗರದಲ್ಲಿ ಸಿನಿಮಾ ಹಂಚುವವರೊಬ್ಬರ ಆಫೀಸಿನಲ್ಲಿ ಬಂದವರಿಗೆ ಕಾಣುವ ಹಾಗೆ ಇಟ್ಟಿದ್ದರು. ಒಂದರ ಮೇಲೊಂದು ಸಿನಿಮಾ ಮಲಗಿ ಆಫೀಸು ಮುಚ್ಚಿದಾಗ ಮೀನು ಟ್ಯಾಂಕಿನ ಸಮೇತ ಸಾರ್ ಮನೆಗೆ ಬಂತು. ತೋಳುದ್ದ, ತೊಡೆಯಷ್ಟು ದಪ್ಪ. ಟ್ಯಾಂಕ್ ಉದ್ದಕ್ಕೇನೋ ಇತ್ತು, ಅಗಲ ಒಂದು ಮೊಳ. ಚಿಕ್ಕದಿದ್ದಾಗ ಬಾಗಿ ತಿರುಗುತ್ತಿತ್ತಂತೆ. ದಪ್ಪವಾದ ಮೇಲೆ ಬೆನ್ನು ಬಗ್ಗಲಿಲ್ಲ. ಮುಂದೆ ಹೋಗಿ ಗಾಜಿಗೆ ಮುಟ್ಟಿ, ಹಾಗೇ ಹಿಂದೆ ಜರುಗಿ, ಮತ್ತೆ ಮುಂದೆ ಹೋಗಬೇಕು.

ಸಾರ್ ಸಂಜೆ ಆಫೀಸಿನಿಂದ ಬಂದವರೇ ಅಂಗಿ ಕಳಚಿ, ಸ್ಟೂಲು ಹತ್ತಿ, ಎರಡೂ ತೋಳು ಕಂಕುಳವರೆಗೆ ನೀರಿಗೆ ಇಳಿಸುತ್ತಿದ್ದರು. ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಬಾಲದ ಬುಡಕ್ಕೆ. ತಲೆ ಮೇಲೆ ಮಾಡಿ ಮೆಲ್ಲಗೆ ಎತ್ತಿ, ಮಗುವನ್ನು ಮಗ್ಗುಲು ಬದಲಿಸಿ ಮಲಗಿಸಿದ ಹಾಗೆ, ಅತ್ತಲಾಗಿ ತಿರುಗಿಸಿ ಬಿಡುತ್ತಿದ್ದರು. ಅಷ್ಟು ದೊಡ್ಡ ಪ್ರಾಣಿ, ಬಾಲ ಬೀಸಿದ್ದರೆ ಗಾಜು ಒಡೆಯಬೇಕಿತ್ತು, ಸುಮ್ಮನೆ ತಿರುಗಿಸಿಕೊಳ್ಳುತ್ತಿತ್ತು. "ಬೆಳಗ್ಗೆಯಿಂದ ಗೋಡೆ ನೋಡಿದಾನೆ. ಈಗ ಬೀದಿ ನೋಡ್ಲಿ" ಎಂದು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಬೆಳಗ್ಗೆ ಹೊರಡುವಾಗ ಮತ್ತೆ ಗೋಡೆಯ ಕಡೆಗೆ. ಬೆಳಗ್ಗೆ ಯಾಕೆ ತಿರುಗಿಸಬೇಕು, ಬೀದಿಯ ಕಡೆಗೇ ಇರಲಿ ಬಿಡಿ ಎಂದೆ. ತಿರುಗುವುದು ಅಂದರೇನು ಎಂದು ಅದು ಮರೆಯಬಾರದು ಎಂದರು. ಮೊದಲ ಸಲ ಇದನ್ನು ನೋಡಿದಾಗ ನನಗೆ ನಗು ಬಂತು. ಅಕ್ಕ ಕಾಫಿ ತಂದರು, ಕುಡಿಯಲು ಆಗಲಿಲ್ಲ.

ನಿವೃತ್ತಿಯಾದ ಮೇಲೆ ಸಾರ್ ಅದಕ್ಕೊಂದು ಜಾಗ ಹುಡುಕಲು ಹೊರಟರು. ನಾನೂ ರಜೆಯ ದಿನ ಜೊತೆಗೆ ಹೋಗುತ್ತಿದ್ದೆ. ಮೀನಿನ ಇಲಾಖೆಯವರು ಪರದೇಶದ್ದು ನಮಗೆ ಬೇಡ ಎಂದರು. ಟಿಕೆಟ್ಟಿಟ್ಟು ಮೀನು ತೋರಿಸುವ ಅಕ್ವೇರಿಯಂನವರು ನಮ್ಮಲ್ಲೇ ಇಂಥವು ಜಾಸ್ತಿಯಾಗಿವೆ ಎಂದರು. ರೆಸಾರ್ಟಿನ ಕೊಳದವನೊಬ್ಬ ಒಪ್ಪಿದ್ದ, ಗಿರಾಕಿಗಳು ಗಾಳ ಹಾಕಿ ಆಡಲಿಕ್ಕೆ ಎಂದು ಗೊತ್ತಾಗಿ ವಾಪಸ್ ಬಂದೆವು. ಕೆರೆಗೆ ಬಿಡಿ ಎಂದು ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ. "ಕೆರೇಲಿರೋ ನಮ್ಮ ಸಣ್ಣ ಮೀನೆಲ್ಲ ಇವನೇ ತಿಂದು ಹಾಕ್ತಾನೆ. ನನ್ನ ಮನೆ ಪಾಪಾನ ಊರ ಕೆರೆಗೆ ಸುರೀಲಾ?" ಎಂದು ಕೇಳುತ್ತಿದ್ದರು. ಅತ್ತ ದರಿ ಇತ್ತ ಪುಲಿ.

ಕೊನೆಗೆ ನಾನೇ ಹೇಳಿದೆ. "ಸಾರ್, ಇದನ್ನ ಬದುಕು ಅಂತ ಕರೀಬೇಡಿ. ನೋವಿಲ್ದೆ ಕಳಿಸಿಬಿಡಿ. ಆ ಟ್ಯಾಂಕಲ್ಲಿ ಗೌರಾಮಿಗಳಾದ್ರೂ ಓಡಾಡ್ಲಿ." ತಿಂಗಳುಗಟ್ಟಲೆ ಆ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಂಪುಬಾಲ ತಿನ್ನುವುದು ಬಿಟ್ಟಿತು, ಒಂದು ಮಗ್ಗುಲಿಗೆ ವಾಲತೊಡಗಿತು. ಪರಿಚಯದ ಪಶುವೈದ್ಯರು ಬಂದು ನೋಡಿ, ಲವಂಗದ ಎಣ್ಣೆಯಲ್ಲಿ ಮೀನು ನಿದ್ದೆ ಹೋದ ಹಾಗೆ ಹೋಗುತ್ತದೆ ಎಂದು ತಿಳಿಸಿದರು. ಮಾಮೂಲ್‌ಪೇಟೆಯ ಗ್ರಂಧಿಗೆ ಅಂಗಡಿಗೆ ನಾವಿಬ್ಬರೂ ಹೋದೆವು. ಅಂಗಡಿಯವರು ಸೀಸೆ ಕಟ್ಟುತ್ತ, "ಹಲ್ಲು ನೋವಾ ಯಜಮಾನ್ರೇ?" ಎಂದರು. ಸಾರ್ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಹೂಂ ಎಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಆ ಕೆಲಸ ಆಯಿತು. ಅವತ್ತು ಬೆಳಗ್ಗೆ ಬುದ್ಧನ ಪಟದ ಮುಂದೆ ಅವರು ಕೂರಲಿಲ್ಲ ಎಂದು ಅಕ್ಕ ಹೇಳಿದರು. ಎಣ್ಣೆ ಬೆರೆಸಿದ ಮೇಲೆ ಅವರು ಕೈ ಹೊರಗೆ ತೆಗೆಯಲೇ ಇಲ್ಲ, ಹೊಟ್ಟೆಯ ಕೆಳಗೆ ಕೈ ಕೊಟ್ಟುಕೊಂಡೇ ನಿಂತಿದ್ದರು. ಆಗಿದೆ ಬನ್ನಿ ಸಾರ್ ಎಂದು ನಾನು ಕರೆದೆ. ಇನ್ನೂ ಸ್ವಲ್ಪ ಇರಲಿ ಎಂದರು. ವಠಾರದ ಹಿತ್ತಲಲ್ಲಿ ಕರಿಬೇವಿನ ಗಿಡದ ಪಕ್ಕ ಅಗೆದು ಹೂತರು. ಕೈ ತೊಳೆದರು, ಮತ್ತೆ ತೊಳೆದರು. ಆಮೇಲೆ ನನ್ನನ್ನು ನೋಡದೆ, "ನೀನು ಹೇಳಿದ್ದೇ ಸರಿ" ಎಂದರು. ನನಗೆ ಹೇಳಬಾರದಿತ್ತು ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಮನೆಗೆ ಬಂದು ಬಹಳ ಹೊತ್ತು ಅತ್ತೆ.

ಟ್ಯಾಂಕಿನ ನೀರು ಪೂರ್ತಿ ಬದಲಿಸಿ, ಕಿಷ್ಕಿಂಧೆಯಂಥ ಜಾಗದಲ್ಲಿದ್ದ ಗೌರಾಮಿಗಳನ್ನು ಅದಕ್ಕೆ ಬಿಟ್ಟರು. ಮೊದಲ ದಿನ ಅವು ಮೂಲೆ ಬಿಟ್ಟು ಅಲ್ಲಾಡಲಿಲ್ಲ. ಆಮೇಲೆ ಫೋನು ಬಂತು, "ಬಾರಮ್ಮ, ಬಂದು ನೋಡು, ಓಡಾಡ್ತಿವೆ" ಎಂದು. ಹೋದೆ. ಸಾರ್ ಕ್ರಿಕೆಟ್ ನೋಡುವವರ ಹಾಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೀನುಗಳು ಈ ತುದಿಯಿಂದ ಆ ತುದಿಗೆ ಹೋಗಿ, ಬೆನ್ನು ಬಾಗಿಸಿ, ತಾವಾಗಿ ತಿರುಗಿ ಬರುತ್ತಿದ್ದವು. ಅಕ್ಕನೂ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕಿದ್ದು ಅವತ್ತೇ ಇರಬೇಕು.

ಒಂದು ವಾರವೂ ಪೂರ್ತಿಯಾಗಲಿಲ್ಲ. ಮಲ್ಲೇಶ್ವರದಿಂದ ಒಬ್ಬ ಗಂಡಸು ಕಾರಿನಲ್ಲಿ ಬಂದ. ಥರ್ಮಾಕೋಲಿನ ಪೆಟ್ಟಿಗೆಯಲ್ಲಿ ಉದ್ದನೆಯ ಅರೋವಾನ, ಒಂದು ಕಣ್ಣು ಕೆಳಗೆ ಜೋತುಬಿದ್ದಿದೆ. ಕಣ್ಣು ಹಾಗಾದರೆ ಮನೆಗೆ ಶ್ರೇಯಸ್ಸಲ್ಲ, ಬದಲಾಯಿಸಿ ಎಂದು ವಾಸ್ತುವಿನವರು ಹೇಳಿದ್ದರಂತೆ. ನಾನು ಆ ಹೊತ್ತಿಗೆ ಅಲ್ಲೇ ಇದ್ದೆ. ಸಾರ್ ಬಾಗಿಲಲ್ಲೇ ನಿಂತು, ಜೀವಮಾನದಲ್ಲಿ ಮೊದಲ ಬಾರಿಗೆ, "ಜಾಗ ಇಲ್ಲಪ್ಪ" ಎಂದರು. ನನಗೆ ಕೈ ತಟ್ಟಬೇಕು ಅನಿಸಿತು.

ಆತ ಒಳಗೆ ಇಣುಕಿ ನೋಡಿದ. "ಅಯ್ಯೋ ಸಾರ್, ಇಲ್ಲಿ ಮೀನಿನ ಅಂಗಡಿಯವ್ರು ಹಾಗೆ ಹೇಳ್ಲಿಲ್ವಲ್ಲ. ಮರಿ ತಗೊಳ್ಳೋವಾಗ್ಲೇ ಹೇಳಿದ್ರು, ದೊಡ್ಡದಾದ್ರೆ ಯೋಚ್ನೆ ಮಾಡ್ಬೇಡಿ, ಇಲ್ಲೇ ಒಬ್ರು ಸಾರ್ ತಗೋತಾರೆ ಅಂತ. ಅದಕ್ಕೇ ತಗೊಂಡಿದ್ದು ನಾವು."

ಸಾರ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆತ ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡು, "ಪರವಾಗಿಲ್ಲ ಬಿಡಿ, ಹೋಗ್ತಾ ಎಲ್ಲಾದ್ರೂ ಮೋರಿಗೆ ಹಾಕ್ತೀನಿ" ಎಂದ. ಹೆದರಿಸಲು ಹೇಳಿದ್ದಲ್ಲ ಅದು, ಕಸದ ಚೀಲದ ಬಗ್ಗೆ ಹೇಳುವ ಹಾಗೆ ಹೇಳಿದ. ಒಳಗೆ ಮೀನು ಒಮ್ಮೆ ಬಡಿದುಕೊಂಡಿತು. ಸಾರ್ ಕೈ ಚಾಚಿ ಪೆಟ್ಟಿಗೆ ತೆಗೆದುಕೊಂಡರು.

ಕಾರು ಹೋದ ಮೇಲೆ ನಾನು ಬಾಯಿ ಬಿಟ್ಟೆ. "ಕೇಳಿದ್ರಲ್ಲ ಸಾರ್? ನಿಮ್ಮನ್ನ ತೋರಿಸಿ ಮರಿ ಮಾರ್ತಿದಾರೆ. ನೀವಿರೋದ್ರಿಂದ್ಲೇ ಇವ್ರೆಲ್ಲ ತರ್ತಿರೋದು. ಇವತ್ತೊಂದಿನ ಗಟ್ಟಿಯಾಗಿ ನಿಂತಿದ್ರೆ ಏನಾಗ್ತಿತ್ತು?"

"ಇದು ಮೋರಿಗೆ ಹೋಗ್ತಿತ್ತು" ಎಂದರು.

"ಹಾಗಾದ್ರೆ ಕೆಂಪುಬಾಲನ್ನ ಯಾತಕ್ಕೆ..." ಎಂದು ಶುರು ಮಾಡಿದೆ.

"ಅದೊಂದು ಕೇಳ್ಬೇಡ ಕಣಮ್ಮ." ಅವರು ತೋಳು ಮಡಿಸಿ ಗೌರಾಮಿಗಳನ್ನು ಹಿಡಿದು, ಮತ್ತೆ ಹಳೆಯ ಇಕ್ಕಟ್ಟಿಗೇ ಬಿಟ್ಟರು. ಖಾಲಿಯಾದ ಕಡೆ ಜೋಲುಗಣ್ಣಿನ ಅರೋವಾನ ಹೋಯಿತು. ನಾನು ಚಪ್ಪಲಿ ಮೆಟ್ಟಿಕೊಂಡು ಹೇಳದೆ ಕೇಳದೆ ಹೊರಟುಬಂದೆ.

ಆ ಅಂಗಡಿ ಅವರ ಮನೆಯಿಂದ ಎರಡು ರಸ್ತೆ ಆಚೆ. ಸಾರ್ ಮಾರನೆಯ ದಿನ ಅಲ್ಲಿಗೆ ಹೋಗಿ ಕೈ ಮುಗಿದು, ನನ್ನ ಹೆಸರು ಹೇಳಿ ಮಾರಬೇಡಪ್ಪ ಎಂದು ಕೇಳಿಕೊಂಡರಂತೆ. ಅಂಗಡಿಯವನು ಒಳ್ಳೆಯ ಮಾತಿನ ಮನುಷ್ಯ. ಕೂರಿಸಿ ಟೀ ಕೊಟ್ಟು, "ನಿಮ್ಮಂಥ ದೊಡ್ಡೋರು ಇರೋದ್ರಿಂದ್ಲೇ ಸಾರ್ ನಾವು ಧೈರ್ಯವಾಗಿ ವ್ಯಾಪಾರ ಮಾಡೋದು" ಎಂದನಂತೆ. ಅದನ್ನು ಹೇಳುವಾಗ ಸಾರ್ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಆಮೇಲೆ ಬಂದ ಯಾವ ಬಕೆಟ್ಟಿಗೂ ಅವರು ನೋಡೋಣ ಎಂದೂ ಹೇಳಲಿಲ್ಲ, ಸುಮ್ಮನೆ ಬಾಗಿಲು ತೆರೆಯುತ್ತಿದ್ದರು. ಸೊರಗಿದರು. ಬುದ್ಧನ ಪಟದ ಮುಂದೆ ಮತ್ತೆ ಕೂತಿದ್ದನ್ನು ನೋಡಲಿಲ್ಲ ಎಂದು ಅಕ್ಕ ಹೇಳುತ್ತಾರೆ.

ತೀರಿಕೊಂಡ ಮೂರನೆಯ ದಿನ ಜನ ಬಹಳ ಸೇರಿದ್ದರು. ಟ್ಯಾಂಕುಗಳ ನಡುವಿನ ಸಂದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತು ಫೋಟೋಗೆ ಹೂವು ಹಾಕಿದರು. ಬಸವನಗುಡಿಯ ಆಕೆಯೂ ಬಂದಿದ್ದರು. ಅಳುತ್ತಿದ್ದರು. ನಾನು ಹತ್ತಿರ ಹೋಗಿ, ನಿಮ್ಮ ಗೌರಾಮಿಗಳು ಇನ್ನೂ ಇವೆ, ಕರೆದುಕೊಂಡು ಹೋಗ್ತೀರಾ ಎಂದು ಕೇಳಿದೆ. ಆಕೆ ಕಣ್ಣು ಒರೆಸಿಕೊಂಡು ಗಾಜಿನ ಹತ್ತಿರ ಬಗ್ಗಿ ನೋಡಿದರು. "ಇಷ್ಟು ದೊಡ್ಡವು ನಮ್ಮವಿರಲ್ಲ ಬಿಡಿ" ಎಂದರು.

ಮುಂದಿನ ವಾರ ಅಕ್ಕ ಅಂಗಡಿಯವನನ್ನೇ ಕರೆಸಿದರು. ನಾನು ಹೋದಾಗ ಬಾಗಿಲಲ್ಲಿ ಟೆಂಪೊ ನಿಂತಿತ್ತು, ನೀಲಿ ಟಬ್ಬುಗಳನ್ನು ಇಳಿಸುತ್ತಿದ್ದರು.

"ಅಕ್ಕಾ, ಇವನಿಗಾ?" ಎಂದೆ.

"ಮತ್ಯಾರಿಗೆ? ನಂಗೆ ಮಂಡಿ ನೋವು, ನೀರು ಹೊರೋಕಾಗಲ್ಲ. ನೀವು ಕರ್ಕೊಂಡು ಹೋಗ್ತೀರಾ ನಿಮ್ಮ ಮನೆಗೆ? ಇಲ್ಲಾ ಒಂದೊಂದಕ್ಕೂ ಆ ಎಣ್ಣೆ ಹಾಕ್ತೀರಾ? ಹಾಕೋದಾದ್ರೆ ಹೇಳಿ, ಇವನನ್ನ ವಾಪಸ್ ಕಳಿಸ್ತೀನಿ." ಆಕೆ ಜಗಳದ ದನಿಯಲ್ಲಿ ಕೇಳಲಿಲ್ಲ, ಉತ್ತರ ಬೇಕಾಗಿ ಕೇಳಿದರು. ನನ್ನ ಮುಖವನ್ನೇ ನೋಡುತ್ತ ಕಾದರು. ಟ್ಯಾಂಕುಗಳ ಉದ್ದಕ್ಕೂ ಒಮ್ಮೆ ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಟಬ್ಬುಗಳು ಭಾರವಿದ್ದವು. ಗೌರಾಮಿಗಳಿದ್ದ ಟಬ್ಬಿನ ಒಂದು ಕಡೆ ಅಕ್ಕ ಹಿಡಿದರು, ಇನ್ನೊಂದು ಕಡೆ ನಾನು ಹಿಡಿದೆ. ಎಲ್ಲಿಗೆ ಹೋಗುತ್ತವೆ ಇವು ಎಂದು ಅಂಗಡಿಯವನನ್ನು ಕೇಳಿದೆ. "ಮನೆಗಳಿಗೇ ಮೇಡಂ. ಈಗ ದೊಡ್ಡ ಸೈಜಿಗೇ ಡಿಮ್ಯಾಂಡು. ಬೆಳೆಸೋ ತಾಪತ್ರಯ ಇಲ್ವಲ್ಲ" ಎಂದ. ಎಲ್ಲ ಏರಿಸಿ, ಟಾರ್ಪಾಲು ಕಟ್ಟಿ, ಫೋಟೋಗೆ ಕೈ ಮುಗಿದು ಬಂದ. ಗಾಡಿ ಹತ್ತುವ ಮುಂಚೆ ಅಕ್ಕನ ಹತ್ತಿರ ನಿಂತು ದನಿ ತಗ್ಗಿಸಿದ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಯಾರಾದ್ರೂ ಕೇಳ್ಕೊಂಡು ಬಂದ್ರೆ ಸಾರ್ ಹೋಗ್ಬಿಟ್ರು ಅಂತ ಸದ್ಯಕ್ಕೆ ಹೇಳ್ಬೇಡಿ. ಊರಿಗೆ ಹೋಗಿದಾರೆ, ಬರ್ತಾರೆ ಅನ್ನಿ."